ಭಾನುವಾರದ 28 ಕಿ.ಮೀ. ಖಾಲಿ ಹೊಟ್ಟೆಯಲ್ಲಿ ಬೇಡ

ಸರ್, ಆರು ವಾರದಿಂದ ವಾರದ ಐದೂ ಓಟ ಬರೀ ಬ್ಲ್ಯಾಕ್ ಕಾಫಿ ಮೇಲೆ, ಭಾನುವಾರದ 28 ಕಿ.ಮೀ. ಕೂಡ ಹಾಗೇ, ಕಾಲು ಭಾರ, ಪೇಸ್ ಏರುತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ಮಾಡಿದ್ದ ತಪ್ಪೇ ಇದು, ಅದಕ್ಕೇ ಗಟ್ಟಿಯಾಗಿ ಹೇಳ್ತೀನಿ: ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ ಓಡೋದು) ಮತ್ತು ಲಾಂಗ್ ರನ್ ಎರಡನ್ನೂ ಉಪವಾಸದಲ್ಲಿ ಓಡಬೇಡಿ.

ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಸ್ನಾಯುವಿನಲ್ಲಿ ಕಡಿಮೆ ಇದ್ದರೆ ಮೈಟೊಕಾಂಡ್ರಿಯಾ (ಜೀವಕೋಶದಲ್ಲಿ ಶಕ್ತಿ ತಯಾರಿಸೋ ಭಾಗ) ಬೆಳೆಸೋ ಸಂಕೇತ ಜೋರಾಗುತ್ತೆ, ನಿಜ. ಆದರೆ ರಾತ್ರಿ ಮಲಗಿ ಏಳೋದರೊಳಗೆ ಕರಗೋದು ಲಿವರ್‌ನಲ್ಲಿರೋದು. ಸ್ನಾಯುವಿನದ್ದು ಹೆಚ್ಚುಕಡಿಮೆ ಹಾಗೇ ಇರುತ್ತೆ. ಆ ಲಾಭವೇ ಬೇಕಿದ್ದರೆ ಸಂಜೆ ಓಡಿ ಸ್ನಾಯುವಿನದ್ದನ್ನು ಕರಗಿಸಿ, ರಾತ್ರಿ ತುಂಬಿಸದೆ ಮಲಗಬೇಕು, ವಾರಕ್ಕೆ ಒಂದೇ ಸಲ, ಹೀಗೆ: ಮಂಗಳವಾರ ಮಧ್ಯಾಹ್ನ ಚೆನ್ನಾಗಿ ಊಟ, ಸಂಜೆ ಇಂಟರ್ವಲ್. ರಾತ್ರಿ ಮುದ್ದೆ, ಅನ್ನ, ಚಪಾತಿ ಬಿಟ್ಟು ನಾಲ್ಕು ಮೊಟ್ಟೆ ಇಲ್ಲವೇ 150 ಗ್ರಾಂ ಪನೀರ್, ಸೊಪ್ಪಿನ ಪಲ್ಯ. ಬೆಳಿಗ್ಗೆ 60 ನಿಮಿಷ, ಪಕ್ಕದವರ ಜೊತೆ ಮಾತಾಡುತ್ತಾ ಓಡೋ ವೇಗ, ಅದಕ್ಕಿಂತ ಜೋರು ಬೇಡ. ಬಂದ ತಕ್ಷಣ ತಿಂಡಿ: 60 ಕೆ.ಜಿ. ತೂಕದವರಿಗೆ ಒಣ ಅವಲಕ್ಕಿ 80 ಗ್ರಾಂ ಲೆಕ್ಕ, ಜೊತೆಗೆ ಮೊಸರು. ಆಫೀಸಿಗೆ ಹೋಗಿ ಹನ್ನೊಂದಕ್ಕೆ ತಿಂದರಾಯ್ತು ಅಂದರೆ ಮುಂದಿನ ಓಟವೂ ಹಾಳು. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸೋ ರಕ್ತಪರೀಕ್ಷೆ) ಕಡಿಮೆ ಇರೋರು, ಮುಟ್ಟು ತಪ್ಪುತ್ತಿರೋರು, ಶುಗರ್‌ಗೆ ಔಷಧಿ ತಗೊಳ್ಳೋರು ಇದಕ್ಕೆ ಕೈ ಹಾಕಬೇಡಿ. ರೇಸ್‌ಗೆ ಎರಡು ವಾರ ಇರುವಾಗ ಯಾರಿಗೂ ಬೇಡ.

ಲಾಂಗ್ ರನ್‌ಗೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು, ಆಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ). ಓಡುವಾಗ ತಿನ್ನೋ ದುಬಾರಿ ಜೆಲ್ಲೇ ಆಗಬೇಕಿಲ್ಲ. ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರೋದರಿಂದ ಕರುಳು ಎರಡು ದಾರಿಯಲ್ಲಿ ಹೀರುತ್ತೆ. ಬರೀ ಗ್ಲೂಕಾನ್-ಡಿ ಗಂಟೆಗೆ 60 ಗ್ರಾಂ ದಾಟಿದರೆ ಹೊಟ್ಟೆಯಲ್ಲೇ ಕುಲುಕುತ್ತೆ. ಎಲೆಕ್ಟ್ರಾಲ್ (ಓಆರ್‌ಎಸ್ ಪುಡಿ) ಬೆವರಿಗೆ ಒಳ್ಳೆಯದು, ಆದರೆ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಅಷ್ಟೇ, ಅದನ್ನೇ ನಂಬಿ 28 ಓಡೋಕಾಗಲ್ಲ. ಹೊಟ್ಟೆಗೂ ಅಭ್ಯಾಸ ಬೇಕು, ಮೊದಲ ವಾರ 30 ಗ್ರಾಂನಲ್ಲೇ ಇರಿ.

ಇನ್ನೊಂದು, ದಿನಾ ನುಂಗ್ತಿದ್ದೀನಿ ಅಂದಿರಲ್ಲ, 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು ಇ ಕ್ಯಾಪ್ಸೂಲ್, ವೈದ್ಯರು ಬರೆದುಕೊಟ್ಟಿದ್ದಲ್ಲದಿದ್ದರೆ ನಿಲ್ಲಿಸಿ. ಓಟದಲ್ಲಿ ಹುಟ್ಟೋ ಫ್ರೀ ರಾಡಿಕಲ್‌ಗಳೇ ಸ್ನಾಯುವಿಗೆ ಬದಲಾಗೋಕೆ ಸಿಗೋ ಸೂಚನೆ. ಅಷ್ಟು ಡೋಸ್ ಅದನ್ನೇ ಮಂಕು ಮಾಡಬಹುದು. ಸೀಬೆ, ನೆಲ್ಲಿಕಾಯಿ ಧಾರಾಳವಾಗಿ ತಿನ್ನಿ.

ಕಬ್ಬಿಣದ ಮಾತ್ರೆ ತಗೊಳ್ಳೋರು ಬೆಳಿಗ್ಗೆ ಓಟ ಮುಗಿದ ಅರ್ಧ ಗಂಟೆಯೊಳಗೆ ನಿಂಬೆ ಪಾನಕದ ಜೊತೆ ತಗೊಳ್ಳಿ. 3ರಿಂದ 6 ಗಂಟೆ ಕಳೆದರೆ ಕಬ್ಬಿಣ ಹೀರೋದನ್ನು ತಡೆಯೋ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಕಬ್ಬಿಣ ಒಳಗೆ ಬಿಡಲ್ಲ. ಕಾಫಿ ಅದಾಗಿ ಒಂದು ಗಂಟೆಗೆ.