ಗೆರೆ ಸರಿಯಿದ್ದರೂ ಚಿತ್ರಕ್ಕೆ ಆಳ ಯಾಕೆ ಬರುತ್ತಿಲ್ಲ?

ವಿರೂಪಾಕ್ಷನ ಗೋಪುರಕ್ಕೆ ಬೆನ್ನು ಮಾಡಿ ಹಂಪಿ ಬಜಾರನ್ನು ಜಲವರ್ಣದಲ್ಲಿ ಬರೆದಿದ್ದೀರಿ. ಸ್ಕೇಲಿಟ್ಟು ಗೆರೆ ಎಳೆದರೂ ಸಾಲುಮಂಟಪ, ಮಾತಂಗ ಬೆಟ್ಟ ಎಲ್ಲ ಒಂದೇ ಪರದೆಗೆ ಅಂಟಿದಂತಿವೆ ಅಂದಿರಿ. ನನ್ನ ಅನುಮಾನ ಗೆರೆಯ ಮೇಲಲ್ಲ, ಟೋನ್ ಮೇಲೆ, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದರ ಮೇಲೆ. ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಬೆಟ್ಟದ ಬಂಡೆಯ ನೆರಳೂ ಹತ್ತಿರದ ಕಂಬದ ನೆರಳೂ ಒಂದೇ ಗಾಢತೆಯಲ್ಲಿದ್ದರೆ ಬೆಟ್ಟ ಮುಂದಕ್ಕೆ ಬಂದೇ ಬರುತ್ತದೆ.

ದೂರ ಹೋದಂತೆ ನಡುವಿನ ಗಾಳಿ, ಧೂಳು ಕಪ್ಪನ್ನು ತಿಳಿಯಾಗಿಸಿ ನೀಲಿಗೆ ಎಳೆಯುತ್ತವೆ. ಬಿಳಿಯದು ಉಲ್ಟಾ: ದೂರದ ಬಿಳಿ ಗೋಡೆ ಮಂಕಾಗುತ್ತದೆ. ಬಜಾರಿನಷ್ಟು ದೂರಕ್ಕೆ, ಅದೂ ಬಿರುಬಿಸಿಲಲ್ಲಿ, ಈ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣದು. ಹಾಗಾಗಿ ನೀವೇ ಸ್ವಲ್ಪ ಹೆಚ್ಚಿಸಬೇಕು. ಕಂಡಷ್ಟನ್ನೇ ಬರೆದರೆ ಸಾಲದು.

ಮೊದಲು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲಿನಿಂದ ಮೂರೇ ಟೋನ್ ಹಾಕಿಕೊಳ್ಳಿ: ಹಿನ್ನೆಲೆ ತಿಳಿ, ನಡುನೆಲೆ ಮಧ್ಯಮ, ಮುನ್ನೆಲೆ ಗಾಢ. ಆಮೇಲೆ ಹಾಳೆಯಲ್ಲಿ ಬೆಟ್ಟವನ್ನು ಕೋಬಾಲ್ಟ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಬೆರೆಸಿದ ತೆಳು ವಾಶ್‌ನಲ್ಲಿ, ಅಂದರೆ ನೀರು ಹೆಚ್ಚಿರುವ ಬಣ್ಣದ ಲೇಪದಲ್ಲಿ, ಮುಗಿಸಿ. ಬಂಡೆಗಳನ್ನು ಒಂದೊಂದಾಗಿ ಬಿಡಿಸಬೇಡಿ. ಪೂರ್ತಿ ಒಣಗಿದ ಮೇಲೆ ಮಂಟಪಗಳು. ಅರ್ಧ ಒಣಗಿದಾಗ ಕೈಹಾಕಿದರೆ ಬಣ್ಣ ಹೂವಿನಂತೆ ಹರಡಿ ಅಂಚು ಕೆಡುತ್ತದೆ. ಅಲ್ಟ್ರಾಮರೀನ್ (ಕಡುನೀಲಿ) ಮತ್ತು ಬರ್ನ್ಟ್ ಸಿಯೆನ್ನಾದ ಗಟ್ಟಿ ಕಪ್ಪನ್ನು ಕೊನೆಗೆ, ಹತ್ತಿರದ ಕಂಬಗಳಿಗೆ ಮಾತ್ರ ಇಟ್ಟುಕೊಳ್ಳಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಬೇಕೆನಿಸಿದ್ದಕ್ಕಿಂತ ಒಂದು ಹಂತ ಗಾಢವಾಗಿಯೇ ಹಚ್ಚಿ.

ಫ್ಲೆಮಿಶ್ ಚಿತ್ರಕಾರ ಬ್ರೂಗಲ್ 1565ರಲ್ಲಿ ಬರೆದ, ಈಗ ವಿಯೆನ್ನಾದಲ್ಲಿರುವ ಹಿಮದ ಬೇಟೆಗಾರರ ಚಿತ್ರವನ್ನು (Hunters in the Snow) ಹುಡುಕಿ ನೋಡಿ. ಎಡಗಡೆ ಕಡುಬಣ್ಣದ ಬೇಟೆಗಾರರು, ನಾಯಿಗಳು, ಮರದ ಕಾಂಡಗಳು. ಕೆಳಗೆ ಹಸಿರುಛಾಯೆಯ ಮಂಜುಗಟ್ಟಿದ ಕೊಳದಲ್ಲಿ ಇರುವೆಯಷ್ಟು ಜನ. ಅಲ್ಲಿ ಆಳ ತಂದಿರುವುದು ಮುಖ್ಯವಾಗಿ ಟೋನ್ ಮತ್ತು ಗಾತ್ರ.

ಇನ್ನು ಗೆರೆ. ದಿಗಂತ ರೇಖೆ ಅಂದರೆ ನಿಮ್ಮ ಕಣ್ಣಿನ ಎತ್ತರ. ನಿಂತು ಬರೆದರೆ, ನೆಲ ಸಮತಟ್ಟಾಗಿರುವಷ್ಟು ದೂರ, ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣೂ ಆ ರೇಖೆಯ ಮೇಲೇ ಬೀಳಬೇಕು; ದೂರದವರ ಪಾದ ಮಾತ್ರ ಮೇಲೇರುತ್ತದೆ. ನೆಲದ ಮೇಲೆ ಕೂತರೆ ರೇಖೆ ಅವರ ಸೊಂಟಕ್ಕಿಂತ ತುಸು ಕೆಳಗೆ ಹಾಯುತ್ತದೆ. ನಿಂತು ಬರೆಯುವಾಗ ಇದನ್ನು ಮರೆತು ದೂರದವರ ತಲೆಯನ್ನು ಕೆಳಗಿಳಿಸಿದರೆ ಅವರು ಹಳ್ಳದಲ್ಲಿ ನಿಂತಂತಾಗುತ್ತದೆ.

ಕಂಬಗಳ ನಡುವಿನ ಅಂತರ ಅಂದಾಜಿನಿಂದ ಬರುವಂಥದ್ದಲ್ಲ. ಮೊದಲ ಎರಡು ಕಂಬ ಬರೆದು, ತಲೆಗಳನ್ನೂ ಬುಡಗಳನ್ನೂ ಸೇರಿಸುವ ಗೆರೆಗಳನ್ನು ಲೋಪಬಿಂದುವಿಗೆ, ಅಂದರೆ ದೂರ ಸಾಗುವ ಸಮಾನಾಂತರ ಗೆರೆಗಳು ದಿಗಂತ ರೇಖೆಯಲ್ಲಿ ಕೂಡುವಂತೆ ಕಾಣುವ ಬಿಂದುವಿಗೆ, ಎಳೆಯಿರಿ. ಮೊದಲ ಕಂಬದ ತಲೆಯಿಂದ ಎರಡನೆಯದರ ನಟ್ಟನಡುವೆ ಹಾಯುವ ಗೆರೆ ಬುಡದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೆಯ ಕಂಬ. ಹೀಗೇ ಮುಂದುವರಿಸಿ. ಐದಾರು ಕಂಬ ಸಾಕು, ಆಚೆಯವು ಬರಿಯ ನೆರಳಿನ ಪಟ್ಟಿಯಾಗಲಿ.

ಇನ್ನೊಂದು ತೊಡಕನ್ನು ಹಲವರು ಗಮನಿಸುವುದೇ ಇಲ್ಲ: ಮಂಟಪದ ಸೂರಿನ ಮೂಲೆ ಬೆಟ್ಟದ ಅಂಚನ್ನು ಸರಿಯಾಗಿ ತಾಕಿ ನಿಂತರೆ ಎರಡೂ ಒಂದೇ ದೂರದಲ್ಲಿರುವಂತೆ ಕಾಣುತ್ತವೆ. ಸೂರು ಬೆಟ್ಟವನ್ನು ಚೆನ್ನಾಗಿ ಮರೆಮಾಡಲಿ, ಇಲ್ಲವೇ ನಡುವೆ ಬೆರಳಗಲ ಆಕಾಶ ಬಿಡಿ.