ನಿಮ್ಮ ಮನೆ ಲೇಖನದಲ್ಲಿ ಮನೆಯವರೇ ಕಾಣಿಸ್ತಿಲ್ಲ

ನಮಸ್ಕಾರ,

ನೀವು ಕಳಿಸಿದ ಲೇಖನ ಓದಿದೆ, ಸ್ವಲ್ಪ ಬಿಟ್ಟು ಮತ್ತೆ ಓದಿದೆ. ಸುತ್ತಿ ಬಳಸಿ ಹೇಳೋದು ಬೇಡ, ಈಗಿರೋ ಹಾಗೆ ಇದನ್ನ ಪತ್ರಿಕೇಲಿ ಹಾಕೋಕೆ ಆಗಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸು ಒಪ್ತಿಲ್ಲ, ಯಾಕಂದ್ರೆ ಇಂಥ ಅನುಭವ ಇರೋರು ಬೆಂಗಳೂರಲ್ಲಿ ಸಿಗೋದೇ ಅಪರೂಪ, ಸಿಕ್ಕಿದ್ರೂ ಕನ್ನಡದಲ್ಲಿ ಬರಿಯಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ರಾಜಾಜಿನಗರದ 30x40 ಸೈಟು, 80ರ ದಶಕದಲ್ಲಿ ನಿಮ್ಮ ತಾತ ಕಟ್ಟಿಸಿದ ಎರಡಂತಸ್ತಿನ ಮನೆ, ಈಗ ಅದರಲ್ಲಿ ಸಂಬಂಧಿಕರಲ್ಲದ ಒಂಬತ್ತು ಜನ ಒಂದೇ ಅಡುಗೆಮನೆ ಇಟ್ಕೊಂಡು ಇದ್ದೀರಿ, ಮಳೆನೀರು ಸಂಪಿಗೆ ಬೀಳುತ್ತೆ, ತಾರಸಿಯಲ್ಲಿ ತರಕಾರಿ, ಮೂರು ಕಿಲೋವ್ಯಾಟ್ ಸೋಲಾರ್, ಹಿತ್ತಲಲ್ಲಿ ಕಾಂಪೋಸ್ಟ್ ಮಡಕೆಗಳು. ಇದು ನಿಮ್ಮ ಲೇಖನದ ಸಾರಾಂಶ. ತೊಂದರೆ ಏನಂದ್ರೆ ಲೇಖನವೂ ಹೆಚ್ಚುಕಮ್ಮಿ ಇಷ್ಟೇ, ಇದನ್ನೇ ಹತ್ತು ಪುಟಕ್ಕೆ ಎಳೆದಿದ್ದೀರಿ. ಯಾವ ಫಿಲ್ಟರ್, ಎಷ್ಟು ಇಂಚಿನ ಪೈಪು, ಯಾವ ಕಂಪನಿ ಪ್ಯಾನೆಲ್ಲು. ಇವೆಲ್ಲ ಯಾವ ಅಂಗಡಿಯವ್ರನ್ನ ಕೇಳಿದ್ರೂ ಹೇಳ್ತಾರೆ. ಏಳನೇ ಪುಟದ ಕೊನೇಲಿ ಒಂದು ಸಾಲಿದೆ ನೋಡಿ, "ಆರಂಭದಲ್ಲಿ ಹನ್ನೊಂದು ಜನರಿದ್ದೆವು, ಅಡುಗೆಮನೆ ವಿಚಾರದಲ್ಲಿ ಸಣ್ಣಪುಟ್ಟ ಭಿನ್ನಾಭಿಪ್ರಾಯಗಳಾಗಿ ಇಬ್ಬರು ಬಿಟ್ಟರು, ಈಗ ಎಲ್ಲವೂ ಸರಿಹೋಗಿದೆ." ನನ್ನ ಪ್ರಕಾರ ಲೇಖನ ಇರೋದು ಇಲ್ಲಿ. ಆ ಇಬ್ರು ಯಾಕೆ ಹೋದ್ರು, ಅಡುಗೆಮನೇಲಿ ಆಗಿದ್ದೇನು, ಸರಿಹೋಯ್ತು ಅಂದ್ರೆ ಯಾರು ಏನನ್ನ ಬಿಟ್ಟುಕೊಟ್ರು? ಸಂಪು ಕಟ್ಟಿಸೋಕೆ ದುಡ್ಡಿದ್ರೆ ಸಾಕು, ಒಂಬತ್ತು ಜನ ಒಂದೇ ಒಲೆ ಮೇಲೆ ಅಡುಗೆ ಮಾಡಿ ಉಣ್ಣೋಕೆ ಬೇರೆ ಏನೋ ಬೇಕು, ಅದೇನು ಅಂತ ನಿಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ.

ಅದಕ್ಕೂ ಮುಂಚೆ ನೀರಿನ ಲೆಕ್ಕ. "ನಮ್ಮ ಮನೆ ನೀರಿನ ವಿಷಯದಲ್ಲಿ ಸಂಪೂರ್ಣ ಸ್ವಾವಲಂಬಿ" ಅಂತ ಬರೆದಿದ್ದೀರಿ. ನೀವೇ ಕಳಿಸಿದ ಫೋಟೋ ಒಂದರಲ್ಲಿ ಗೇಟಿನ ಪಕ್ಕ ಟ್ಯಾಂಕರಿನ ದಪ್ಪ ಪೈಪು ಸಂಪಿನ ಬಾಯಿಗೆ ಇಳಿದಿರೋದು ಕಾಣುತ್ತೆ. ಫೋಟೋ ಇರದಿದ್ರೂ ಲೆಕ್ಕ ಹಾಕಿದ್ರೆ ಗೊತ್ತಾಗೋದೇ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಅಂತಿಟ್ಕೊಳ್ಳಿ, ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 30x40 ಸೈಟಲ್ಲಿ ಸುತ್ತ ಜಾಗ ಬಿಟ್ಟು ಕಟ್ಟಿದ ಮನೆ ತಾರಸಿ ಸುಮಾರು 85 ಚದರ ಮೀಟರ್ ಸಿಗಬಹುದು. ಆವಿಯಾಗಿ ಹೋಗಿದ್ದು, ಮೊದಲ ಮಳೆಯ ಕೊಳೆ ನೀರು ಅಂತ ಹೊರಗೆ ಬಿಟ್ಟಿದ್ದು ಎಲ್ಲ ಕಳೆದ್ರೆ ವರ್ಷಕ್ಕೆ 70 ಸಾವಿರ ಲೀಟರ್ ಕೈಗೆ ಬರುತ್ತೆ. ಒಂಬತ್ತು ಜನ, ತಲೆಗೆ ದಿನಕ್ಕೆ ಬರೀ 100 ಲೀಟರ್ ಅಂದ್ರೂ ದಿನಕ್ಕೆ 900. ಅಲ್ಲಿಗೆ ಇಡೀ ವರ್ಷದ ಮಳೆ 80 ದಿನಕ್ಕೂ ಪೂರ್ತಿ ಸಾಲಲ್ಲ. ಅದೂ ಬಿದ್ದ ನೀರನ್ನೆಲ್ಲ ಇಡೋಕೆ ಜಾಗ ಇದ್ರೆ. ನಿಮ್ಮ ಸಂಪು 8,000 ಲೀಟರ್, ಅಂದ್ರೆ ಒಂಬತ್ತು ದಿನದ ನೀರು. ಸೆಪ್ಟೆಂಬರಲ್ಲಿ ಎರಡು ಮೂರು ಜೋರು ಮಳೆ ಬಂದ್ರೆ ಸಂಪು ತುಂಬಿ ಉಳಿದಿದ್ದು ಚರಂಡಿ ಪಾಲು, ಜನವರಿ ಫೆಬ್ರವರೀಲಿ ಸಂಪು ಒಣಗಿರುತ್ತೆ.

ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವ್ರ ಮನೆ ಬಗ್ಗೆ ನೀವು ಕೇಳೇ ಇರ್ತೀರಿ, ಭಾರತೀಯ ವಿಜ್ಞಾನ ಸಂಸ್ಥೆ ಆವರಣದಲ್ಲಿರೋ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳೀಲಿ ಮಳೆನೀರಿನ ಮೇಲೇ ಕೆಲಸ ಮಾಡಿದವ್ರು, 90ರ ದಶಕದಲ್ಲಿ ಕಟ್ಟಿದ ಮನೆ, ಕಾವೇರಿ ಕನೆಕ್ಷನ್ನೇ ತಗೊಳ್ಳದೆ ಬದುಕಿದ್ರು. ಅವ್ರು ಮೊದಲು ಮಾಡಿದ್ದು ಪೈಪು ಹಾಕೋ ಕೆಲಸ ಅಲ್ಲ, ಹಳೇ ಮಳೆ ದಾಖಲೆ ತೆಗೆದು ಎರಡು ಒಳ್ಳೆ ಮಳೆ ನಡುವೆ ಅತಿ ಹೆಚ್ಚು ಅಂದ್ರೆ ಎಷ್ಟು ದಿನದ ಗ್ಯಾಪ್ ಇರುತ್ತೆ ಅಂತ ನೋಡಿದ್ದು. 90 ರಿಂದ 100 ದಿನ ಅಂತ ಬಂತು, ಮನೆಯ ದಿನದ ಬಳಕೆ ಜೊತೆ ಗುಣಿಸಿ ಸುಮಾರು 45 ಸಾವಿರ ಲೀಟರ್ ಹಿಡಿಯೋ ತೊಟ್ಟಿಗಳನ್ನ ಕಟ್ಟಿಸಿದ್ರು. ಅವ್ರದ್ದು ದೊಡ್ಡ ಸೈಟು, ಪುಟ್ಟ ಸಂಸಾರ. ಅದೇ ಲೆಕ್ಕ ನಿಮ್ಮ ಒಂಬತ್ತು ಜನಕ್ಕೆ ಹಾಕಿದ್ರೆ 90 ಸಾವಿರ ಲೀಟರ್ ಜಾಗ ಬೇಕು, ನಿಮ್ಮ ತಾರಸಿಗೆ ಇಡೀ ವರ್ಷ ಅಷ್ಟು ಬೀಳೋದೇ ಇಲ್ಲ. ಇದನ್ನ ಬರೆಯೋದರಲ್ಲಿ ಯಾವ ಅವಮಾನನೂ ಇಲ್ಲ. "ನಮ್ಮ ನೀರಲ್ಲಿ ಹೆಚ್ಚಂದ್ರೆ ಐದನೇ ಒಂದು ಭಾಗ ಮಳೆಯದು, ಉಳಿದಿದ್ದು ಕಾವೇರಿ ಮತ್ತೆ ಟ್ಯಾಂಕರು" ಅಂತ ಬರೆದ್ರೆ ಓದುಗರು ನಂಬ್ತಾರೆ, ನಂಬಿದ್ಮೇಲೆ ಮುಂದಿಂದನ್ನೂ ಓದ್ತಾರೆ. ಆ ಕಾವೇರಿ ನೀರು ನೂರು ಕಿಲೋಮೀಟರ್ ದೂರದ ಟಿ.ಕೆ. ಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಆಗಿ ಸುಮಾರು 500 ಮೀಟರ್ ಮೇಲೆ ಹತ್ತಿ ಬರುತ್ತೆ, ಅದ್ರಲ್ಲಿ ಅಷ್ಟು ಉಳಿಸೋದೂ ಚಿಕ್ಕ ವಿಷಯ ಅಲ್ಲವೇ ಅಲ್ಲ.

ಇನ್ನೊಂದು, ನಿಮ್ಮ ಸಂಪು ತುಂಬಿ ಹರಿಯೋ ನೀರು ಎಲ್ಲಿಗೆ ಹೋಗುತ್ತೆ ಅಂತ ಲೇಖನದಲ್ಲಿ ಎಲ್ಲೂ ಇಲ್ಲ. ಇಂಗು ಬಾವಿ ತೋಡಿಸಿದ್ದೀರಾ? ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಬಾವಿ ಒಂದ್ಸಲಕ್ಕೆ 4,000 ಲೀಟರ್ ಹಿಡಿಯುತ್ತೆ, ಹಿಡಿದು ನೆಲಕ್ಕೆ ಬಿಡುತ್ತೆ. ಬೆಂಗಳೂರಲ್ಲಿ ಇದನ್ನ ತಲೆಮಾರಿನಿಂದ ಕೈಯಲ್ಲೇ ತೋಡ್ತಾ ಬಂದಿರೋ ಭೋವಿ ಸಮುದಾಯದವ್ರಿದ್ದಾರೆ, ತೋಡಿ ಸಿಮೆಂಟ್ ರಿಂಗುಗಳನ್ನ ಒಂದರ ಮೇಲೊಂದು ಇಳಿಸ್ತಾರೆ. ತೋಡಿಸಿದ್ರೆ ತೋಡಿದವ್ರ ಜೊತೆ ಕೂತು ಮಾತಾಡಿ ಬರೀರಿ, ಯಾವ ಆಳದಲ್ಲಿ ಯಾವ ಮಣ್ಣು ಬಂತು ಅನ್ನೋದನ್ನೂ. ತೋಡಿಸಿಲ್ಲ ಅಂದ್ರೆ ಹಾಗಂತಲೇ ಬರೀರಿ.

ಈಗ ನಾನು ಯಾವ ಕಾರಣಕ್ಕೂ ಅಚ್ಚು ಮಾಡದ ಒಂದು ಸಾಲು. "ತಾರಸಿ ತುಂಬ ಒಂದಡಿ ಮಣ್ಣು ಹಾಕಿ ಮಡಿ ಮಾಡಿಕೊಳ್ಳಿ, ಯಾರು ಬೇಕಾದರೂ ಮಾಡಬಹುದು" ಅಂತ ಬರೆದಿದ್ದೀರಿ. ದಯವಿಟ್ಟು ಇದನ್ನ ತೆಗೀರಿ. ಓಡಾಡೋ ತಾರಸಿಯನ್ನ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರ ಬರುತ್ತೆ ಅನ್ನೋ ಲೆಕ್ಕದಲ್ಲಿ ಡಿಸೈನ್ ಮಾಡಿರ್ತಾರೆ. ಒಂದಡಿ ಒದ್ದೆ ಮಣ್ಣು ಅಂದ್ರೆ ಚದರ ಮೀಟರಿಗೆ ಅರ್ಧ ಟನ್ ಹತ್ರ ಹೋಗುತ್ತೆ, ಮೂರು ಪಟ್ಟಿಗೂ ಜಾಸ್ತಿ. ಅದರ ಮೇಲೆ ಮಳೆ, ನೀರಿನ ಟ್ಯಾಂಕು, ಸೋಲಾರ್ ಸ್ಟ್ಯಾಂಡು. 80ರ ದಶಕದ ಎಷ್ಟೋ ಮನೆಗಳಲ್ಲಿ ಪಿಲ್ಲರೇ ಇಲ್ಲ, ಗೋಡೆ ಮೇಲೆ ಸ್ಲ್ಯಾಬು ನಿಂತಿರುತ್ತೆ, ನೀರು ಇಳಿದು ಕಬ್ಬಿಣ ತುಕ್ಕು ಹಿಡಿದಿದ್ರೂ ಪ್ಲಾಸ್ಟರ್ ಉದುರೋವರೆಗೂ ಗೊತ್ತಾಗಲ್ಲ. ನಿಮ್ಮ ಮಾತು ನಂಬಿ ಯಾರೋ ಒಬ್ರು ಹಳೇ ಮನೆ ಮೇಲೆ ಒಂದು ಲಾರಿ ಕೆಂಪುಮಣ್ಣು ಏರಿಸಿದ್ರೆ? ನೀವು ನಿಜವಾಗ್ಲೂ ಮಾಡಿದ್ದೇನು ಅಂತ ಫೋಟೋದಲ್ಲಿ ಕಾಣ್ತಿದೆ, ಗ್ರೋ ಬ್ಯಾಗುಗಳನ್ನ ಗೋಡೆ ಸಾಲಿಗೆ ಇಟ್ಟಿದ್ದೀರಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಮಣ್ಣು ಕಮ್ಮಿ. ಅದು ಸರಿಯಾದ ಕೆಲಸ, ಅದನ್ನೇ ಬರೀರಿ. ಎಂಜಿನಿಯರ್ ಕರೆಸಿ ತೋರಿಸಿದ್ರಾ, ಅವ್ರು ಏನಂದ್ರು, ಅದೂ ಇರಲಿ.

ಅಂದ ಹಾಗೆ ಆ ಒಂದೇ ತಾರಸಿ ಮೇಲೆ ತರಕಾರಿ, ಪ್ಯಾನೆಲ್ಲು, ಬಿಸಿನೀರಿನ ಸೋಲಾರು, ಒಂಬತ್ತು ಜನರ ಬಟ್ಟೆ ಒಣಗೋ ಹಗ್ಗ ಎಲ್ಲ ಹೆಂಗೆ ಹಿಡಿಸಿದ್ರಿ? ಪ್ಯಾನೆಲ್ ನೆರಳು ಟೊಮೆಟೊ ಮೇಲೆ ಬೀಳಲ್ವಾ? ಬಿಸಿಲು ಯಾರಿಗೆ ಅನ್ನೋದನ್ನ ಹೇಗೆ ತೀರ್ಮಾನ ಮಾಡಿದ್ರಿ ಅಂತ ಒಂದು ಪ್ಯಾರಾ ಬರೆದ್ರೂ ಸಾಕು.

ಕರೆಂಟಿನ ಭಾಗದಲ್ಲಿ ನೀವು ಸಬ್ಸಿಡಿ ಬಗ್ಗೆ ಸರಿಯಾಗಿ ಬರೆದಿದ್ದೀರಿ, ಪಿಎಂ ಸೂರ್ಯಘರ್ ಯೋಜನೇಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ, ಸರಿ. ಆದ್ರೆ ಗೃಹಜ್ಯೋತಿ ವಿಷಯ ಪೂರ್ತಿ ಬಿಟ್ಟಿದ್ದೀರಿ. 2023ರ ಆಗಸ್ಟಿಂದ ತಿಂಗಳಿಗೆ 200 ಯೂನಿಟ್ ಒಳಗೆ, ತಮ್ಮ ಹಳೇ ಸರಾಸರಿ ಬಳಕೆಗೆ ತಕ್ಕ ಮಿತಿ ದಾಟದ ಮನೆಗಳಿಗೆ ಬಿಲ್ಲೇ ಇಲ್ಲ, 200 ದಾಟಿದ್ರೆ ಪೂರ್ತಿ ಬಿಲ್ಲು. ಈಗ ಯೋಚಿಸಿ, ಮೂರು ಸಂಸಾರ ಬೇರೆ ಬೇರೆ ಮೀಟರಲ್ಲಿ ಬೇರೆ ಬೇರೆ ಇದ್ದಿದ್ರೆ ಮೂವರಿಗೂ ಸೊನ್ನೆ ಬಿಲ್ಲು ಬರ್ತಿತ್ತೋ ಏನೋ, ಒಂದು ಮೀಟರಿಗೆ ಸೇರಿದ ತಕ್ಷಣ 200 ದಾಟುತ್ತೆ. ಒಟ್ಟಿಗೆ ಬಾಳೋರಿಗೆ ಖರ್ಚು ಇಳಿಬೇಕು, ಇಲ್ಲಿ ಏರುತ್ತೆ. ನಮ್ಮ ಸ್ಕೀಮುಗಳು, ರೇಷನ್ ಕಾರ್ಡು, ಗ್ಯಾಸ್ ಕನೆಕ್ಷನ್ನು ಎಲ್ಲದರ ಹಿಂದಿರೋ ಕಲ್ಪನೆ ಒಂದೇ, ಒಂದು ಮನೆ ಅಂದ್ರೆ ಒಂದು ಸಂಸಾರ. ನಿಮ್ಮಂಥ ಮನೆ ಆ ಫಾರಮ್ಮುಗಳಲ್ಲಿ ಎಲ್ಲೂ ಕೂರಲ್ಲ. ನೀವು ಅದನ್ನ ಹೇಗೆ ನಿಭಾಯಿಸಿದ್ರಿ ಅನ್ನೋದು ನನಗೆ ಸೋಲಾರ್ ಇನ್ವರ್ಟರಿನ ಮಾಡೆಲ್ ನಂಬರಿಗಿಂತ ಬಹಳ ಮುಖ್ಯ.

ಯುರೋಪಿನ ಇಕೋ ವಿಲೇಜುಗಳ ಬಗ್ಗೆ ಬರೆದ ಒಂದೂವರೆ ಪುಟ ತೆಗೆದುಬಿಡಿ. ನಿಮ್ಮ ಬೆನ್ನ ಹಿಂದೆ ವಠಾರ ಇದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ನಡುವೆ ಅಂಗಳ, ಸುತ್ತ ಸಾಲು ಸಾಲು ಪುಟ್ಟ ಮನೆ, ಎಲ್ರಿಗೂ ಒಂದೇ ಬಾವಿ ಇಲ್ಲಾ ಒಂದೇ ನಲ್ಲಿ, ಬೆಳಗಾದ್ರೆ ಬಿಂದಿಗೆ ಸಾಲು. ನೀರಿನ ಪಾಳಿಗೆ ಜಗಳ ಆಗ್ತಿತ್ತು, ಅದೇ ಸಾಯಂಕಾಲ ಜಗಳ ಆಡಿದವ್ರ ಮನೇಲೇ ಮಗು ಉಂಡು ಮಲಗ್ತಿತ್ತು. ಆದ್ರೆ ವಠಾರದ ಇನ್ನೊಂದು ಮುಖನೂ ನೋಡಿ, ಅಲ್ಲಿಗೆ ಬಾಡಿಗೆಗೆ ಯಾರನ್ನ ಸೇರಿಸ್ಬೇಕು ಅನ್ನೋದರಲ್ಲಿ ಜಾತಿ ಲೆಕ್ಕ ಇರ್ತಿತ್ತು, ಬಾವಿ ಹಗ್ಗ ಯಾರು ಮುಟ್ಬಹುದು ಅನ್ನೋ ಲೆಕ್ಕನೂ ಇರ್ತಿತ್ತು. ಇವತ್ತೂ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಟು ಲೆಟ್ ಬೋರ್ಡು ನಿಮ್ಮ ಬೀದೀಲೇ ಸಿಗುತ್ತೆ. ನೀವು "ಸಮಾನ ಮನಸ್ಕರನ್ನು ಆರಿಸಿಕೊಂಡೆವು" ಅಂತ ಒಂದೇ ಸಾಲಲ್ಲಿ ದಾಟಿದ್ದೀರಿ. ನಾನು ನೇರವಾಗಿ ಕೇಳ್ತೀನಿ, ನೀವೂ ನೇರವಾಗಿ ಬರೀಬೇಕು. ಆ ಅಡುಗೆಮನೇಲಿ ಮೊಟ್ಟೆ ಬೇಯುತ್ತಾ? ಮೀನು? ಯಾರಾದ್ರೂ ಕೇಳ್ಕೊಂಡು ಬಂದು ನೀವು ಬೇಡ ಅಂದಿದ್ದು ಇದ್ಯಾ, ಯಾಕೆ ಬೇಡ ಅಂದ್ರಿ? ಬಿಟ್ಟುಹೋದ ಇಬ್ಬರ ಜಗಳ ಇದಕ್ಕೇ ಆಗಿದ್ರೆ, ಅದನ್ನ ಮುಚ್ಚಿಟ್ಟು ಬರೆದ ಲೇಖನ ಎಷ್ಟೇ ಹಸಿರಾಗಿದ್ರೂ ನನಗೆ ಬೇಡ.

ಅದರ ಜೊತೆ ಇನ್ನೊಂದು ಕಷ್ಟದ ಪ್ರಶ್ನೆ. ಮನೆ ನಿಮ್ಮ ತಾತಂದು, ಈಗ ನಿಮ್ಮದು. ಉಳಿದ ಎಂಟು ಜನ ಅಡ್ವಾನ್ಸ್ ಕೊಟ್ಟು ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಇದ್ದಾರಾ? "ಎಲ್ಲ ತೀರ್ಮಾನವೂ ಒಟ್ಟಿಗೆ" ಅಂತೀರಿ, ಆದ್ರೆ ನಾಳೆ ಮನಸ್ತಾಪ ಬಂದ್ರೆ ಮನೆ ಬಿಡೋರು ಅವ್ರೇ, ನೀವಲ್ಲ. ಇದು ಅವ್ರಿಗೆ ಗೊತ್ತು, ಮೀಟಿಂಗಲ್ಲಿ ಬಾಯಿ ಬಿಡೋವಾಗ ತಲೇಲಿ ಇದ್ದೇ ಇರುತ್ತೆ. ಇದಕ್ಕೆ ಪರಿಹಾರ ಸಿಕ್ಕಿರ್ಬೇಕು ಅಂತ ನಾನು ಕೇಳ್ತಿಲ್ಲ. ಕಣ್ಣಿಗೆ ಬಿದ್ದಿದೆ ಅಂತಾದ್ರೂ ಓದುಗರಿಗೆ ತಿಳೀಬೇಕು.

ಹೊಗಳಬೇಕಾದ ಜಾಗನೂ ಇದೆ, ಅದನ್ನ ಹೇಳ್ದೇ ಇರಲ್ಲ. ಕಾಂಪೋಸ್ಟ್ ಭಾಗದಲ್ಲಿ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಬಗ್ಗಿ "ಏನೋ ಸತ್ತಿದೆ ಕಣಮ್ಮ ನಿಮ್ಮನೇಲಿ" ಅಂದಿದ್ದು, ಮಡಕೆ ಮುಚ್ಚಳ ತೆಗೆದ್ರೆ ಕೊಳೆತ ಅನ್ನದ ಮೇಲೆ ಬಿಳಿ ಹುಳು ಮಿಜಿಮಿಜಿ ಅಂತಿದ್ದಿದ್ದು, ಆಮೇಲೆ ಅದೇ ಅಜ್ಜಿ ತಮ್ಮ ಹಳ್ಳಿ ತಿಪ್ಪೆ ನೆನಪು ಮಾಡ್ಕೊಂಡು ಒಣಗಿದ ಎಲೆ ಒಂದು ಚೀಲ ತಂದು ಸುರಿದು ಕಲಸಿದ್ದು. ಎಷ್ಟು ಚೆನ್ನಾಗಿದೆ! ಹಸಿ ಕಸಕ್ಕೆ ಒಣ ಎಲೆ ಸೇರಿಸ್ದೆ ಇದ್ರೆ ನಾರುತ್ತೆ ಅನ್ನೋ ವಿಷಯನೂ ಬಂತು, ಆ ಅಜ್ಜೀನೂ ಕಣ್ಮುಂದೆ ಬಂದ್ರು. ಇಡೀ ಲೇಖನ ಹೀಗೇ ಬರೆಯೋಕೆ ನಿಮಗೆ ಬರುತ್ತೆ ಅನ್ನೋಕೆ ಅದೇ ಸಾಕ್ಷಿ. ಬೇಕಿದ್ರೆ ಲೇಖನನ ಅಲ್ಲಿಂದ್ಲೇ ಶುರು ಮಾಡಿ. ಈಗಿರೋ ಶುರು, "ಇಂದಿನ ಯಾಂತ್ರಿಕ ಯುಗದಲ್ಲಿ ಮಾನವನು ಪ್ರಕೃತಿಯಿಂದ ದೂರವಾಗುತ್ತಿದ್ದಾನೆ" ಅನ್ನೋ ಪ್ಯಾರಾ, ಬೇಡ. ತುಳಸಿ ಗಿಡ ಓಝೋನ್ ಬಿಡುತ್ತೆ ಅನ್ನೋ ಸಾಲೂ ಬೇಡ, ಅದು ವಾಟ್ಸಾಪಲ್ಲಿ ಓಡಾಡೋ ಸುಳ್ಳು, ನೆಲದ ಮಟ್ಟದಲ್ಲಿ ಓಝೋನ್ ಇದ್ರೆ ಶ್ವಾಸಕೋಶಕ್ಕೇ ಕೆಟ್ಟದ್ದು.

ಮತ್ತೆ 2024ರ ಬೇಸಿಗೆ ನಿಮ್ಮ ಲೇಖನದಿಂದ ಪೂರ್ತಿ ಕಾಣೆ ಆಗಿದೆ. ಆ ಮಾರ್ಚಲ್ಲಿ ಊರಿಗೆ ಊರೇ ಟ್ಯಾಂಕರಿಗೆ ಕಾಯ್ತಿತ್ತು, ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಗ ನೀವೆಲ್ಲ ಆ ಮನೇಲೇ ಇದ್ರಿ. ಬಟ್ಟೆ ತೊಳೆದ ನೀರನ್ನ ಗಿಡಕ್ಕೆ ಬಿಡೋಕೆ ಶುರು ಮಾಡಿದ್ದು ಆಗಲೇನಾ? ಸೋಪಿನ ನೀರಿಗೆ ಯಾವ ಗಿಡ ತಡ್ಕೊಂಡ್ತು, ಯಾವುದು ಸತ್ತೋಯ್ತು? ಸ್ನಾನಕ್ಕೆ ಒಂದು ಬಕೆಟ್ ಅಂತ ಯಾರು ಹೇಳಿದ್ರು, ಯಾರು ಮುಖ ಸಿಂಡರಿಸಿದ್ರು, ರಾತ್ರಿ ಕದ್ದು ಎರಡನೇ ಬಕೆಟ್ ತುಂಬಿಸ್ಕೊಂಡವ್ರು ಇದ್ರಾ? ನನ್ನ ಕೇಳಿದ್ರೆ ಲೇಖನದ ನಡುಭಾಗ ಪೂರ್ತಿ ಆ ಮಾರ್ಚ್, ಏಪ್ರಿಲ್ಲೇ ಆಗ್ಬೇಕು. ನೀರು, ಅಡುಗೆಮನೆ, ಯಾರ ಮಾತು ನಡೆಯುತ್ತೆ ಅನ್ನೋದು, ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತೆ.

ತಿದ್ದೋಕೆ ಕೂರೋ ಮುಂಚೆ ಒಂದು ಕೆಲಸ ಮಾಡಿ, ಬಿಟ್ಟುಹೋದ ಇಬ್ಬರಿಗೆ ಫೋನ್ ಮಾಡಿ. ವಾದ ಮಾಡೋಕೆ ಹೋಗ್ಬೇಡಿ, ಯಾಕೆ ಹೋದ್ರಿ ಅಂತ ಕೇಳಿ, ಹೇಳಿದ್ದನ್ನ ಹಾಗೇ ಬರ್ಕೊಳ್ಳಿ. ಮನೇಲಿರೋ ಎಂಟು ಜನಕ್ಕೂ ಲೇಖನ ಓದೋಕೆ ಕೊಡಿ, ಹೆಸರು ಬೇಡ ಅಂದವ್ರ ಹೆಸರು ತೆಗೀರಿ, ಒಪ್ಪದೇ ಇದ್ದವ್ರ ಮಾತನ್ನೂ ಸೇರಿಸಿ. ಖರ್ಚಿನ ಲೆಕ್ಕ ನಿಜವಾದ್ದು ಬರಲಿ, ಸಂಪಿಗೆಷ್ಟು, ತಿಂಗಳ ದಿನಸಿಗೆ ತಲೆಗೆಷ್ಟು, ಟ್ಯಾಂಕರಿಗೆಷ್ಟು. ಎರಡು ಸಾವಿರ ಪದ ಆದ್ರೂ ಜಾಗ ಕೊಡ್ತೀನಿ. ಫೋಟೋದಲ್ಲಿ ಪ್ಯಾನೆಲ್ಲು ಬೇಡ, ಅಡುಗೆಮನೇದು ಕಳಿಸಿ, ಗೋಡೆ ಮೇಲೆ ಪಾಳಿ ಪಟ್ಟಿ ಅಂಟಿಸಿದ್ದೀವಿ ಅಂದಿದ್ದೀರಲ್ಲ, ಅದು ಓದೋಕೆ ಬರೋ ಹಾಗಿರಲಿ. ಮೇ ಮೊದಲ ವಾರದೊಳಗೆ ಬಂದ್ರೆ ಜೂನ್ ಸಂಚಿಕೇಲಿ ಹಾಕ್ತೀನಿ, ಮಧ್ಯೆ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಅರ್ಧಂಬರ್ಧ ಇದ್ರೂ ಕಳಿಸಿ, ಕೂತು ನೋಡೋಣ.