ಕಾಸ್ಪರೋವ್‌ನ ಬಚಾವ್ ಮಾಡಿದ್ರಾ?

ಪ್ರ: ಗುಕೇಶ್ ಚೆಸ್ ವರ್ಲ್ಡ್ ಚಾಂಪಿಯನ್ ಆದಾಗ, ಅತಿ ಚಿಕ್ಕ ವಯಸ್ಸಿನ ಚಾಂಪಿಯನ್ ಅನ್ನೋ ಕಾಸ್ಪರೋವ್ ರೆಕಾರ್ಡ್ ಮುರಿದ ಅಂದ್ರು. ಆದ್ರೆ ನಮ್ಮ ಮಾವ, ಆ ಕಾಸ್ಪರೋವು ಆಗಿನ ಚಾಂಪಿಯನ್ ಕಾರ್ಪೋವ್ ಹತ್ರ 5-0 ಸೋಲ್ತಿದ್ದ, ಮ್ಯಾಚ್ ಅರ್ಧಕ್ಕೇ ನಿಲ್ಸಿ ಅವನ್ನ ಬಚಾವ್ ಮಾಡಿದ್ರು ಅಂತಾರೆ. ನಿಜಾನಾ ಸಾರ್?
- ಚೆಸ್ ಹುಚ್ಚ, ಮಂಡ್ಯ

ಉ: 5-0 ಆಗಿದ್ದು ನಿಜ, ಬಚಾವ್ ಮಾಡಿದ್ರು ಅನ್ನೋದನ್ನ ಮಾತ್ರ ಒಪ್ಪಕ್ಕಾಗಲ್ಲ ಕಣ್ರೀ. ಆಗಿನ ರೂಲ್ಸ್ ಏನಪ್ಪಾ ಅಂದ್ರೆ ಮೊದಲು 6 ಗೇಮ್ ಗೆದ್ದೋನು ಚಾಂಪಿಯನ್, ಡ್ರಾ ಲೆಕ್ಕಕ್ಕೇ ಇಲ್ಲ, ಇಷ್ಟೇ ಗೇಮ್ ಅಂತ ಮಿತೀನೂ ಇಲ್ಲ. 1984ರ ಸೆಪ್ಟೆಂಬರಲ್ಲಿ ಮಾಸ್ಕೋದಲ್ಲಿ ಶುರುವಾಯ್ತು, 9 ಗೇಮ್ ಆಗೋಷ್ಟರಲ್ಲಿ ಕಾರ್ಪೋವ್ 4-0. ಇನ್ನೇನ್ ಮುಗೀತು ಅನ್ನೋ ಹೊತ್ಗೆ ಹುಡುಗ ಕಾಸ್ಪರೋವ್ ಪಟ್ಟು ಹಿಡಿದು ಕೂತ, ಸಾಲಾಗಿ 17 ಡ್ರಾ! 27ನೇದು ಕಾರ್ಪೋವ್ ಗೆದ್ದ, ಇನ್ನೊಂದೇ ಒಂದು ಬೇಕಿತ್ತು, ಅದು ಬರ್ಲೇ ಇಲ್ಲ. 32ನೇದು ಕಾಸ್ಪರೋವ್‌ಗೆ, ಮತ್ತೆ ಡ್ರಾ ಮೇಲೆ ಡ್ರಾ, ಆಮೇಲೆ 47, 48 ಎರಡೂ ಕಾಸ್ಪರೋವ್‌ಗೇ. ಕಾರ್ಪೋವ್ ಮೊದಲೇ ಕಡ್ಡಿ ಪೈಲ್ವಾನ್, ಅಷ್ಟ್ರಲ್ಲಿ 10 ಕೆಜಿ ಇಳಿದಿದ್ದ ಅಂತಾರೆ. ಹಿಂಗೆ ಕಾಸ್ಪರೋವ್ ಕೈ ಮೇಲಾಗ್ತಿರೋ ಹೊತ್ತಲ್ಲೇ, 1985ರ ಫೆಬ್ರವರಿ 15ಕ್ಕೆ, ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷ ಕಾಂಪೋಮಾನೆಸ್ ಆಟಗಾರರ ಆರೋಗ್ಯದ ಕಾರಣ ಕೊಟ್ಟು ಮ್ಯಾಚ್ ನಿಲ್ಸಿದ್ರು. ಈಗ ಹೇಳಿ, ಬಚಾವಾಗಿದ್ದು ಯಾರು? ಹಂಗಂತ ಕಾರ್ಪೋವ್‌ಗೆ ಬರೀ ಲಾಭ ಅನ್ನಕ್ಕೂ ಆಗಲ್ಲ, 5-3 ಲೀಡ್ ಹೋಗಿ ಮತ್ತೆ ಸೊನ್ನೆಯಿಂದ ಆಡ್ಬೇಕಾಯ್ತು. ನನ್ನ ಕೇಳಿದ್ರೆ ಒಂದು ವಾರ ರಜೆ ಕೊಟ್ಟು ಆಡಕ್ಕೆ ಬಿಡ್ಬೇಕಿತ್ತು.

ಅದೇ ವರ್ಷ ಸೆಪ್ಟೆಂಬರಲ್ಲಿ ಹೊಸ ಮ್ಯಾಚು, ಈ ಸಲ 24 ಗೇಮ್ ಅಂತ ಮಿತಿ ಹಾಕಿದ್ರು, ಗೆದ್ರೆ ಒಂದು ಪಾಯಿಂಟ್, ಡ್ರಾ ಆದ್ರೆ ಅರ್ಧ. ಅದ್ರಲ್ಲಿ 16ನೇ ಗೇಮ್ ಬೋರ್ಡ್ ಮೇಲೆ ಇಟ್ಕೊಂಡು ನೋಡಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೇನ 64 ಮನೆಗೂ ಒಂದೊಂದ್ಸಲ ಓಡ್ಸೋ ಲೆಕ್ಕ ಕಟ್ಟಿದ್ದೋರು, ಕಾಸ್ಪರೋವ್ ಮಾತ್ರ ತನ್ನ ಕಪ್ಪು ಕುದುರೇನ 16ನೇ ನಡೇಲಿ ಬಿಳಿ ಪಾಳ್ಯದೊಳಗಿನ ಡಿ3 ಮನೇಗೆ ತಂದು ಅಲ್ಲೇ ಕಟ್ಟಾಕ್ಬಿಟ್ಟ, ಬಿಳಿ ಆನೆಗಳಿಗೆ ಅದ್ರ ಏಟಿಗೆ ಸಿಗೋ ಸಿ1, ಇ1 ಮನೆಗಳಲ್ಲಿ ನೆಮ್ಮದಿಯಾಗಿ ನಿಲ್ಲಕ್ಕೂ ಆಗ್ಲಿಲ್ಲ, ಎಷ್ಟೋ ನಡೆಗಳವರೆಗೆ ಕಾರ್ಪೋವ್‌ಗೆ ಅದನ್ನ ಎಬ್ಬಿಸೋಕೇ ಆಗ್ಲಿಲ್ಲ!

ಕೊನೇ ಗೇಮ್ ಕಾರ್ಪೋವ್ ಗೆದ್ದಿದ್ರೆ 12-12, ಪಟ್ಟ ಅವನ ಹತ್ರಾನೇ ಇರ್ತಿತ್ತು, ಗೆಲ್ಲಲೇಬೇಕು ಅಂತ ನುಗ್ಗಿ ಸೋತ. ನವೆಂಬರ್ 9ಕ್ಕೆ 13-11ರಲ್ಲಿ ಕಾಸ್ಪರೋವ್ ಚಾಂಪಿಯನ್, ಆಗ ಅವನಿಗೆ 22 ವರ್ಷ, 2024ರಲ್ಲಿ ಗುಕೇಶ್ 18ಕ್ಕೇ ಮುರಿದಿದ್ದು ಇದನ್ನ. ಅಂದ್ರೆ ಆ ರೆಕಾರ್ಡ್ ನಿಂತುಹೋದ ಮ್ಯಾಚಿಂದ ಬಂದಿದ್ದಲ್ಲ ಅಂತ ಮಾವನಿಗೆ ಹೇಳಿ.